ಹತ್ತು ಗಂಟೆಗೆ ಬೀಗ ಹಾಕಿದ್ದ ಬಾಗಿಲು

ಏಪ್ರಿಲ್ ತಿಂಗಳ ಕೊನೆಯ ಶುಕ್ರವಾರ, ಲೋಕಸಭೆ ಮತದಾನದ ದಿನ, ಬೆಳಿಗ್ಗೆ ಆರೂ ಮುಕ್ಕಾಲು. ಹಾಸನದ ನಮ್ಮ ಬಡಾವಣೆಯ ಶಾಲೆಯ ಮುಂದೆ ಹಾಜರಿದ್ದವರು ನಾಲ್ವರು: ನಾನು, ಮತದಾರರ ಪಟ್ಟಿ ಇಟ್ಟುಕೊಂಡು ಮೇಜಿನ ಹಿಂದೆ ಕೂತ ಅಂಗನವಾಡಿ ಟೀಚರು, ಗೇಟಿನ ಪೊಲೀಸು, ಮತ್ತು ನಮ್ಮ ಮನೆಯಲ್ಲಿ ಪಾತ್ರೆ ತೊಳೆಯುವ ಹೆಂಗಸು. ಬಡಾವಣೆಯ ಮಹನೀಯರು ಒಬ್ಬರೂ ಇರಲಿಲ್ಲ.

ಹೆಂಗಸು ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದಿದ್ದಳು. ಇಷ್ಟು ಬೇಗ ಏಕೆ ಬಂದೆ ಎಂದು ಕೇಳಿದೆ.

“ಬೇಗ ಆಕ್ಬುಟ್ರೆ ಕೆಲ್ಸುಕ್ಕೆ ಓಗ್ಬೋದು ಅಮ್ಮಾರೆ. ನಮ್ ಶೀಟ್ ಮನೆಗಳ್ಗೆ ಅಕ್ಕುಪತ್ರ ಕೊಡ್ತಾರಂತೆ. ವೋಟ್ರು ಪಟ್ಟೀಲಿ ಎಸ್ರು ಇರೋರ್ಗೆ ಮಾತ್ರ ಅಂತೆ.”

ಹಿಂದಿನ ಚುನಾವಣೆಯಲ್ಲಿ ನಮ್ಮ ಮತಗಟ್ಟೆಯ ಸಿಬ್ಬಂದಿ ನೊಣ ಹೊಡೆದು ಎದ್ದು ಹೋಗಿದ್ದರು. ಈ ಅವಮಾನ ತೊಳೆಯಲು ಬಡಾವಣೆಯ ಸಂಘ ಸಭೆ ಸೇರಿತು, ಖಾರ ಬೂಂದಿ ತಿಂದಿತು, ಜಾಥಾ ಮಾಡಲು ತೀರ್ಮಾನಿಸಿತು. ಬಿಳಿ ಟೋಪಿ ಹಾಕಿಕೊಂಡು ಪಾರ್ಕಿನಿಂದ ಸರ್ಕಲ್ಲಿಗೆ ನಡೆದರು, ಫೋಟೋ ತೆಗೆಸಿಕೊಂಡರು, ಬಿಸಿಲೆಂದು ಆಟೋದಲ್ಲಿ ವಾಪಸಾದರು. ಪಟ್ಟಿ ಹಿಡಿದು ಮನೆ ಮನೆ ಸುತ್ತಿ, ಊರು ಬಿಟ್ಟವರನ್ನು ಗುರುತಿಸುವ ಕೆಲಸ ಮಾತ್ರ ಯಾರಿಗೂ ಬೇಡವಾಗಿತ್ತು. ಆಸ್ಪತ್ರೆಯ ವಾರ್ಡಿನಲ್ಲಿ ಆಯುಷ್ಯ ಸವೆಸಿದ ಸಿಸ್ಟರ್ ನಾನು. ಅದನ್ನು ನಾನೇ ಮಾಡಿದೆ, ದಿನಾ ಹತ್ತರಿಂದ ಹನ್ನೊಂದು, ಒಂದು ನಿಮಿಷ ಆಚೀಚೆ ಇಲ್ಲ.

ಏಳಕ್ಕೆ ಮೊದಲ ಮತ ಹಾಕಿ ಹೊರಬಂದೆ. ಹೆಂಗಸು ಒಳಗೆ ಹೋದಳು. ಅಷ್ಟರಲ್ಲಿ ಜಾಥಾದ ಮುಂದಾಳು, ನಮ್ಮ ಎದುರು ಮನೆಯ ನಿವೃತ್ತ ಎಂಜಿನಿಯರು, ಕಾರು ನಿಲ್ಲಿಸಿದರು. ತಲೆಯ ಮೇಲೆ ಅದೇ ಬಿಳಿ ಟೋಪಿ.

“ಶೆಟ್ಟಿಹಳ್ಳಿಗೆ ಹೊರಟ್ವಿ ಮೇಡಂ. ಡ್ಯಾಮಿನ ನೀರು ಇಳಿದದೆ, ಮುಳುಗಿದ್ದ ಚರ್ಚು ಪೂರ್ತಿ ಕಾಣ್ತದೆ.”

“ವೋಟು?”

“ನಮ್ದು ಇನ್ನೂ ಹೊಳೆನರಸೀಪುರದಲ್ಲೇ ಅದೆ. ಇಲ್ಲಿಗೆ ಬದಲಾಯಿಸ್ಕೊಂಡಿಲ್ಲ.”

“ಹಾಗಾದ್ರೆ ಹೊಳೆನರಸೀಪುರಕ್ಕೆ ಹೋಗಿ ಸಾರ್.”

“ಒಂದು ವೋಟಿಗೆ ಅಷ್ಟು ದೂರನಾ?” ನಕ್ಕು ಹೊರಟರು. ಗೋಡೆ ಬಿದ್ದ ಚರ್ಚು ನೋಡಲು ಇವರಿಗೆ ದೂರವಿಲ್ಲ.

ಸಂಘದ ಅಧ್ಯಕ್ಷರು ಫೋನ್ ಮಾಡಿದರು. “ಕ್ಯೂ ಇದೆಯಾ ಮೇಡಂ?” ಇಲ್ಲವೆಂದೆ. “ಹಂಗಾದ್ರೆ ಅರ್ಜೆಂಟೇನಿಲ್ಲ ಬಿಡಿ, ಸಂಜೆ ಬತ್ತೀನಿ.” ಕ್ಯೂ ಇದೆ ಎಂದಿದ್ದರೆ ಕ್ಯೂ ಕರಗಲಿ ಎನ್ನುತ್ತಿದ್ದರು. ಇಂಥವರು ರಸ್ತೆ ಗುಂಡಿಯ ಬಗ್ಗೆ ವಾಟ್ಸಾಪಿನಲ್ಲಿ ದಿನಾ ಪುಟಗಟ್ಟಲೆ ಬರೆಯುತ್ತಾರೆ.

ಆಗ ಹೆಂಗಸು ಹೊರಬಂದಳು. ಬೆರಳಿನಲ್ಲಿ ಶಾಯಿ ಇರಲಿಲ್ಲ.

“ಎಸ್ರೇ ಇಲ್ವಂತೆ ಅಮ್ಮಾರೆ.”

ಟೀಚರು ಪಟ್ಟಿಯ ಮೇಲೆ ಬೆರಳಾಡಿಸಿ, ಹೊಡೆದು ಹಾಕಿದ ಹೆಸರೊಂದನ್ನು ತೋರಿಸಿದರು. “ಊರು ಬಿಟ್ಟಿದ್ದಾರೆ ಅಂತ ನೀವೇ ಬರೆದುಕೊಟ್ರಲ್ಲ ಮೇಡಂ. ಬಾಗಿಲಿಗೆ ನೋಟಿಸೂ ಅಂಟಿಸಿದ್ವಿ.”

“ಆ ಚೀಟಿ ಕರೆಂಟಿನವ್ರದು ಅನ್ಕಂಡೆ,” ಎಂದಳು ಹೆಂಗಸು.

ವಾರ್ಡಿನಲ್ಲಿ ಮೂರು ರೌಂಡ್ಸಿಗೂ ಹಾಸಿಗೆ ಖಾಲಿ ಕಂಡರೆ ರೋಗಿಯ ಹೆಸರಿನ ಮುಂದೆ ‘ಪರಾರಿ’ ಎಂದು ಬರೆಯುತ್ತಿದ್ದೆವು. ಶೀಟ್ ಮನೆಗಳ ಸಾಲಿನಲ್ಲೂ ನಾನು ಅದೇ ನಿಯಮ ಹಿಡಿದಿದ್ದೆ: ಮೂರು ದಿನ ಬೀಗ ಕಂಡರೆ ಹೆಸರಿನ ಮೇಲೆ ಒಂದು ಗೆರೆ. ಅಂಥ ನಾಲ್ಕು ಗೆರೆ ಎಳೆದಿದ್ದೆ.

“ಯಾವಾಗ ಬಂದಿದ್ರಿ?” ಎಂದು ಅವಳು ಕೇಳಿದಳು.

“ಹತ್ತು ಗಂಟೆಗೆ.”

“ಅತ್ ಗಂಟೇಲಿ ನಿಮ್ಮನೇಲೇ ಪಾತ್ರೆ ಉಜ್ತಿದ್ನಲ್ಲ.” ಪಟ್ಟಿಯ ಕಡೆ ನೋಡಿ ಅಂದಳು: “ಎಸ್ರು ಕೇಳಿದ್ರೆ ಏಳ್ತಿದ್ದೆ.”

ಎಷ್ಟೋ ವರ್ಷದಿಂದ ನನ್ನ ಅಡುಗೆಮನೆಗೆ ಬರುವವಳ ಹೆಸರು ನನಗೆ ಗೊತ್ತಿರಲಿಲ್ಲ. ಪಟ್ಟಿಯಲ್ಲಿ ಓದಿಯೂ ಅದು ಇವಳದೆಂದು ಗೊತ್ತಾಗಲಿಲ್ಲ. ಟೋಪಿಯವರು ತಮ್ಮ ಮತವನ್ನಷ್ಟೇ ಹಾಳು ಮಾಡಿದರು. ನಾನು ಬೇರೆಯವರದನ್ನು ಹಾಳು ಮಾಡಿದೆ, ಅದೂ ಸಮಯ ತಪ್ಪದೆ.

ಇವತ್ತು ಏನೂ ಆಗದು, ಹೊಸದಾಗಿ ಅರ್ಜಿ ಹಾಕಬೇಕು ಎಂದರು ಟೀಚರು. ನಾಲ್ಕು ಅರ್ಜಿ ಇಸಕೊಂಡೆ. ಸಂಜೆ ಏಳಕ್ಕೆ, ಎಲ್ಲರೂ ಕೆಲಸದಿಂದ ಬಂದಿರುವ ಹೊತ್ತಿಗೆ, ಶೀಟ್ ಮನೆಗಳಿಗೆ ಹೋದೆ. ನಾಲ್ಕು ಬಾಗಿಲೂ ತೆರೆದಿದ್ದವು. ಪ್ರತಿಯೊಬ್ಬರ ಹೆಸರು ಕೇಳಿ ಬರೆದುಕೊಂಡು, ಟೀಚರ ಮನೆಗೆ ಒಯ್ದು ಕೊಟ್ಟು, ಸ್ವೀಕೃತಿ ಚೀಟಿಗಳಿಗೆ ಸಹಿ ಮಾಡಿಸಿ ಹಿಂದಿರುಗಿದೆ. ಕೊನೆಯ ಚೀಟಿಯನ್ನು ಅವಳ ಕೈಗೆ ಕೊಟ್ಟಾಗ ಎಂಟೂಕಾಲು.