ಅವ್ವನಿಗೆ ಕಿವಿ ಮಷೀನು ಕೊಂಡದ್ದು

ನಮ್ಮ ಮನೆಯಲ್ಲಿ ಇದ್ದವರು ಮೂವರು, ಮೂವರೂ ಸಂಶಯದ ಪ್ರಾಣಿಗಳು. ಅಪ್ಪ ದನದ ಸಂತೆಯ ದಲ್ಲಾಳಿ. ಸಂಶಯಪಡುವುದೇ ಅವನ ಕಸುಬು. ನಾನು ಹೂವಿನ ಹಿಪ್ಪರಗಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಹುಡುಗರು ಹೇಳುವ ನೆವಗಳನ್ನು ಕೇಳಿ ಕೇಳಿ ಯಾರನ್ನೂ ಒಮ್ಮೆಗೇ ನಂಬದ ಸ್ವಭಾವ ಬೆಳೆದಿತ್ತು. ಆದರೆ ನಮ್ಮಿಬ್ಬರನ್ನೂ ಮೀರಿಸಿದವಳು ಅವ್ವ. ಕಿವಿ ಮಂದವಾಗುತ್ತ ಹೋದಂತೆ ಅವಳ ಸಂಶಯ ಚುರುಕಾಗುತ್ತ ಬಂತು.

ಬಸವನ ಬಾಗೇವಾಡಿಯ ನಮ್ಮ ಮನೆಯ ಮುಂದೆ ನಾನು ನೆರೆಯವರ ಜೊತೆ ನಿಂತು ಎರಡು ಮಾತಾಡಿದರೆ ಸಾಕು, ಅವ್ವ ರೊಟ್ಟಿ ಬಡಿಯುವುದು ಬಿಟ್ಟು ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬರುತ್ತಿದ್ದಳು. ಕಣ್ಣೆಲ್ಲ ನಮ್ಮ ತುಟಿಗಳ ಮೇಲೆ.

“ಏನಂದಿ ನನಗ?”

“ನಿನಗೇನೂ ಅಂದಿಲ್ಲಬೇ. ನಳಾ ಯಾವಾಗ ಬಿಡ್ತಾರಂತ ಕೇಳಾಕತ್ತಿದ್ನಿ.”

“ನಳದ ಸುದ್ದಿಗಿ ನಗೂದ್ಯಾಕ?”

ಅಪ್ಪ ಫೋನಿನಲ್ಲಿ ಎತ್ತಿನ ವ್ಯಾಪಾರ ಮಾತಾಡಿದರೆ ತನ್ನ ಬಂಗಾರ ಮಾರಲು ಹೊರಟಿದ್ದಾನೆ ಎನ್ನುತ್ತಿದ್ದಳು. ಊಟಕ್ಕೆ ಕೂತಾಗ ನಾವು ಸುಮ್ಮನಿದ್ದರೆ, ತನ್ನ ಎದುರು ಆಡಲಾಗದ ಮಾತು ಏನಿದೆ ಎಂದು ಜಗಳಕ್ಕೆ ಬರುತ್ತಿದ್ದಳು. ಒಂದು ದಿನ ತಾಟು ಎತ್ತಿಕೊಂಡು, “ನೀವಿಬ್ಬರೂ ಕೂಡಿ ನನ್ನ ಆಡ್ಕೊಂತ ಉಣ್ರಿ. ನಾ ಅಡಿಗಿ ಮನ್ಯಾಗ ಉಣ್ತೇನಿ” ಎಂದು ಎದ್ದೇ ಹೋದಳು. ಅಂದಿನಿಂದ ಅವಳ ಊಟ ಬೇರೆಯಾಯಿತು. ಒಂದೇ ಸೂರಿನಡಿ ಅವ್ವ ಗೋಡೆಯಾಚೆ ಒಬ್ಬಳೇ ಉಣ್ಣುವ ಸದ್ದು ಕೇಳುತ್ತ ನಾವಿಬ್ಬರು ಈಚೆ ಉಣ್ಣುತ್ತಿದ್ದೆವು.

ಬಿಜಾಪುರದ ಡಾಕ್ಟರು ತೋರಿಸಿದ, ವಯರಿನ ಡಬ್ಬಿಯನ್ನು ಎದೆಗೆ ಸಿಕ್ಕಿಸುವ ಮಷೀನನ್ನು ಅವಳು ಮುಟ್ಟಲೂ ಇಲ್ಲ. “ಊರಿಗೆಲ್ಲಾ ಕಾಣುವಂಗ ಕೊರಳಾಗ ಗಂಟಿ ಕಟ್ಕೊಂಡು ತಿರುಗ್ಲೇನು?” ಎಂದಳು. ಕಿವಿಯ ಹಿಂದೆ ಅಡಗುವ ಸಣ್ಣ ಮಷೀನೂ ಇತ್ತು. ಅದರ ಬೆಲೆ ಕೇಳಿ ಅಪ್ಪ ಮೆಟ್ಟಿಲಿಳಿಯುವಾಗಲೇ ಶುರು ಮಾಡಿದ. “ಡಾಕ್ಟರಂದೂ ಅಂಗಡಿಯವಂದೂ ಒಳಗ ಏನೋ ಐತಿ. ದಲ್ಲಾಳಿಕಿ ನನಗ ಗೊತ್ತಿಲ್ಲೇನು?”

ಎರಡು ಸಾವಿರದ ಮೊದಲ ದಶಕ ಮುಗಿಯುತ್ತ ಬಂದಿತ್ತು. ಇಂಟರ್‌ನೆಟ್ಟಿನಲ್ಲಿ ಏನು ಬೇಕಾದರೂ ಸಿಗುತ್ತದೆ ಎಂದು ಸ್ಟಾಫ್ ರೂಮಿನಲ್ಲಿ ಮಾತು ನಡೆಯುತ್ತಿತ್ತು. ನನಗೆ ನಂಬಿಕೆ ಇರಲಿಲ್ಲ. ಹುಡುಗಿಯಾಗಿದ್ದಾಗ ಪತ್ರಿಕೆಯ ಒಗಟು ಬಿಡಿಸಿ ರೇಡಿಯೋ ಗೆದ್ದಿದ್ದೆ. ಅಂಚೆಯವನ ಕೈಗೆ ದುಡ್ಡು ಎಣಿಸಿ ವಿ.ಪಿ. ಪಾರ್ಸಲ್ ಬಿಚ್ಚಿದರೆ ಒಳಗೆ ಪ್ಲಾಸ್ಟಿಕ್ಕಿನ ಗೊಂಬೆ ರೇಡಿಯೋ, ತಿರುಪಿದರೆ ತಿರುಗದು. ಆ ಸಿಟ್ಟು ಇನ್ನೂ ಹೊಟ್ಟೆಯಲ್ಲಿತ್ತು. ಆದರೂ ಒಂದು ರವಿವಾರ ಅಪ್ಪನನ್ನು ಕರೆದುಕೊಂಡು ಬಸ್ ಸ್ಟ್ಯಾಂಡಿನ ಹತ್ತಿರದ ನೆಟ್ ಸೆಂಟರಿಗೆ ಹೋದೆ. ಪ್ಲೈವುಡ್ಡಿನ ಗೂಡಿನಲ್ಲಿ ನಾನು ಕುರ್ಚಿಗೆ, ಅವನು ಸ್ಟೂಲಿಗೆ.

ಮೊದಲು ತೆರೆದದ್ದು ಒಂದೇ ಸೈಟಿನಲ್ಲಿ ನೂರೆಂಟು ಅಂಗಡಿಗಳು ಕೂತಿದ್ದ ಪೇಟೆ. ಅಪ್ಪ ಕಣ್ಣು ಕಿರಿದು ಮಾಡಿ ನೋಡಿದ.

“ಅಂಗಡಿ ಯಾರ್ದಿದು?”

“ಭಾಳ ಮಂದೀದು ಐತಿ.”

“ಮಾಲು ಕೆಟ್ರ ಯಾರ್ನ ಹಿಡೀಬೇಕು?”

ನನಗೂ ತಿಳಿಯಲಿಲ್ಲ. ಎರಡನೆಯದು ಮಷೀನು ಮಾಡುವ ಕಂಪನಿಯದೇ ಸ್ವಂತ ಸೈಟು. ಅಲ್ಲಿ ಒಬ್ಬ ಮುದುಕಿ ಹಲ್ಲೆಲ್ಲ ತೋರಿಸಿ ನಗುತ್ತಿದ್ದಳು. ಇಷ್ಟು ಒಳ್ಳೆಯ ಹಲ್ಲಿರುವವಳಿಗೆ ಕಿವಿ ಹೇಗೆ ಹೋಯಿತೋ ಎಂದು ಅಪ್ಪನಿಗೆ ಅನುಮಾನ. ನನಗೆ ಅದಕ್ಕಿಂತ ದೊಡ್ಡ ಅನುಮಾನ, ಅದು ಕೇಳುತ್ತಿದ್ದ ಎಟಿಎಂ ಕಾರ್ಡಿನ ನಂಬರಿನ ಮೇಲೆ. ಬೆನ್ನ ಹಿಂದೆ ಸೆಂಟರಿನವನು ಓಡಾಡುತ್ತಿದ್ದ. ನನ್ನ ಸಂಬಳ ಬೀಳುವ ಖಾತೆಯ ಕೀಲಿಯನ್ನು ಅಲ್ಲಿ ಹೇಗೆ ಬರೆಯಲಿ?

ಮೂರನೆಯದು ಲಿಲಾವಿನ ಸೈಟು. ಜನ ಬೆಲೆ ಕೂಗುತ್ತ ಹೋಗುತ್ತಾರೆ, ಹೆಚ್ಚು ಕೂಗಿದವರಿಗೆ ಮಾಲು. ಅಪ್ಪ ಸ್ಟೂಲಿನಿಂದ ಎದ್ದೇ ಬಿಟ್ಟ. “ಬ್ಯಾಡ, ಮುಚ್ಚು! ತಮ್ಮ ಮಂದೀನ ನಿಲ್ಲಿಸಿ ರೇಟ್ ಏರಸ್ತಾರವರು. ರೇಟ್ ಬಾಯಿಲೆ ಒದರುವಂವ ವ್ಯಾಪಾರಸ್ಥನ ಅಲ್ಲ.”

ಇದು ಅವನ ಧರ್ಮ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಎಲ್ಲಿಯ ದನದ ಸಂತೆಯಲ್ಲೂ ಅವನು ಬೆಲೆಯನ್ನು ಬಾಯಿಂದ ಆಡಿದವನಲ್ಲ. ಕೈಯ ಮೇಲೆ ಟವೆಲ್ ಹಾಸಿ, ಅದರ ಕೆಳಗೆ ಎದುರಿನವನ ಬೆರಳು ಹಿಡಿದು ಒತ್ತುವುದು. ಎಷ್ಟು ಬೆರಳು ಒತ್ತಿದನೋ ಅಷ್ಟು ಬೆಲೆ. ಸುತ್ತ ನಿಂತವರಿಗೆ ಏನೂ ತಿಳಿಯದು. ಎದುರಿನವನು ತಿರುಗಿ ಒತ್ತಿ ತಲೆಯಾಡಿಸಿದರೆ ಮುಗಿಯಿತು, ಆ ಮಾತಿಗೆ ಯಾರೂ ತಪ್ಪುವಂತಿಲ್ಲ.

ಕೊನೆಯದು ಹಳೆಯ ಸಾಮಾನಿನ ಜಾಹೀರಾತಿನ ಸೈಟು. ಅಂಗಡಿಯೂ ಇಲ್ಲ, ಕಾರ್ಡೂ ಬೇಡ. ಮಾರುವವನ ಊರು, ಫೋನ್ ನಂಬರು, ಬೆಲೆ ಅಷ್ಟೇ. ಹುಬ್ಬಳ್ಳಿಯವನೊಬ್ಬ ಕಿವಿಯ ಹಿಂದಿನ ಮಷೀನು ಮಾರಲಿಟ್ಟಿದ್ದ. ನನಗೆ ಇದೇ ಎಲ್ಲಕ್ಕಿಂತ ಕಳ್ಳರ ಸಂತೆಯಂತೆ ಕಂಡಿತು. ಅಪ್ಪನಿಗೆ ಹಿಡಿಸಿತು, ಏಕೆಂದರೆ ಇಲ್ಲಿ ಕೇಳಲು ಒಬ್ಬ ಮನುಷ್ಯನಿದ್ದ. ಅಲ್ಲೇ ಫೋನು ಹಚ್ಚಿ, ಎತ್ತು ಮಾರುವವರಿಗೆ ಕೇಳುವ ಪ್ರಶ್ನೆಯನ್ನೇ ಮೊದಲು ಕೇಳಿದ.

“ಯಾಕ ಮಾರಾಕತ್ತೀರಿ?”

“ನಮ್ಮ ತಂದಿಯವರಿಗೆ ತಂದಿದ್ದೆವ್ರಿ. ಇಷ್ಟ ದಿನಾ ಕೇಳಿದ್ದ ಸಾಕು ಅಂತ ಹಾಕ್ಕೊಳ್ಳೂದ ಬಿಟ್ಟಾರ್ರಿ.”

“ಖರೇ ಮಾತಾಡ್ತಾನ,” ಎಂದ ಅಪ್ಪ ಫೋನಿಗೆ ಕೈ ಮುಚ್ಚಿ. ನನಗೇನೋ ಇದು ಚೆನ್ನಾಗಿ ಹೊಸೆದ ಕಥೆ ಅನಿಸಿತು.

ಮುಂದಿನ ರಜೆಗೆ ಹುಬ್ಬಳ್ಳಿಗೆ ಹೋದೆವು. ಮಾರುವವನು ಬ್ಯಾಂಕಿನ ನೌಕರ, ನಲವತ್ತರ ಆಸುಪಾಸಿನವನು. ಚಹಾ ಕೊಟ್ಟ. ಕಿಟಕಿಯ ಬಳಿ ಅವನ ತಂದೆ ನಮ್ಮನ್ನೇ ನೋಡುತ್ತ ಕೂತಿದ್ದರು. ಅಷ್ಟರ ಮಟ್ಟಿಗೆ ಕಥೆ ನಿಜವಾಗಿತ್ತು. ಮಷೀನನ್ನು ನನ್ನ ಕಿವಿಗೇ ಇಟ್ಟು ನೋಡಿದೆ, ಓಣಿಯ ಸೈಕಲ್ಲಿನ ಬೆಲ್ಲು ತಲೆಯೊಳಗೇ ಬಾರಿಸಿದಂತೆ ಕೇಳಿತು. ಅಷ್ಟರಲ್ಲಿ ಅಪ್ಪ ಹೆಗಲ ಟವೆಲ್ ತೆಗೆದು ಕೈಮೇಲೆ ಹಾಸಿ ಮಾರುವವನ ಮುಂದೆ ಚಾಚಿದ. ಆತ ಸಂಕೋಚದಿಂದ ಎದ್ದು ಕೈ ಕೊಟ್ಟ. ಅಪ್ಪ ಒತ್ತಿದ. ಆತ ಗಾಬರಿಯಿಂದ ನನ್ನತ್ತ ನೋಡಿ, ಹಿರಿಯರೆಂಬ ಮರ್ಯಾದೆಗೆ ತಾನೂ ಒತ್ತಿ, “ಆತ್ರಿ, ಆತ್ರಿ” ಎಂದು ತಲೆಯಾಡಿಸಿದ.

“ಮುಗೀತು,” ಎಂದು ಅಪ್ಪ ದುಡ್ಡು ಕೊಟ್ಟ. ಆತ ಎರಡು ಸಲ ಎಣಿಸಿದ.

“ಇದು ಅರ್ಧಾ ಐತಲ್ರಿ?”

“ಕೈ ಕೊಟ್ರಲ್ಲ!”

“ನೀವು ಕೈ ಕುಲುಕಿದ್ರಿ, ನಾನೂ ಕುಲುಕಿದ್ನಿರಿ.”

ಕಿಟಕಿಯ ಬಳಿಯ ಮುದುಕರು ತೊಡೆ ತಟ್ಟಿಕೊಂಡು ನಕ್ಕರು. ಆ ಮನೆಯಲ್ಲಿ ಟವೆಲ್ಲಿನ ಅರ್ಥ ತಿಳಿದವರು ಅವರೊಬ್ಬರೇ, ಅವರಿಗೆ ನಮ್ಮ ಮಾತು ಕೇಳುತ್ತಿರಲಿಲ್ಲ. ನಾನು ನಾಚಿಕೆಯಿಂದ ಉಳಿದ ದುಡ್ಡನ್ನು ನನ್ನ ಪರ್ಸಿನಿಂದ ಕೊಟ್ಟೆ. ವಾಪಸು ಬರುವಾಗ ಅಪ್ಪ ಬಸ್ಸಿನುದ್ದಕ್ಕೂ ಗೊಣಗಿದ. ಕೈ ಕೊಟ್ಟು ಮಾತಿಗೆ ತಪ್ಪಿದವನ ಮಷೀನು ನಾಳೆ ಕೈಕೊಡುವುದು ಗ್ಯಾರಂಟಿ ಎಂದ.

ಕೈಕೊಡಲಿಲ್ಲ. ಬಿಜಾಪುರದಲ್ಲಿ ಅವ್ವನ ಕಿವಿಗೆ ತಕ್ಕಂತೆ ಸರಿ ಮಾಡಿಸಿದೆವು. ಹಾಕಿಕೊಂಡ ದಿನವೇ ಅವಳು ತಾಟು ಹಿಡಿದು ಪಡಸಾಲೆಗೆ ಬಂದು ನಮ್ಮ ನಡುವೆ ಕೂತಳು. ನನಗೆ ಅಳುವೇ ಬಂತು. ಅವಳು ಸೆರಗಿನಿಂದ ಕಿವಿ ಮರೆಮಾಡಿಕೊಂಡು ಕೇಳುತ್ತ ಉಂಡಳು. ಮರುದಿನವೂ ಹಾಗೆಯೇ. ನಾನು ನೆರೆಯವರ ಜೊತೆ ನಿಂತಾಗ ಬಾಗಿಲ ಹಿಂದೆ ಅವಳ ನೆರಳು ಇದ್ದೇ ಇರುತ್ತಿತ್ತು. ನಮ್ಮನ್ನು ಇನ್ನೂ ಪರೀಕ್ಷೆ ಮಾಡುತ್ತಿದ್ದಾಳೆ, ಸಂಶಯ ಕಳೆಯಲಿ ಎಂದು ನಾನೂ ನೋಡದವಳಂತೆ ಇದ್ದೆ.

ಒಂದೆರಡು ವಾರ ಕಳೆದಿರಬೇಕು. ಊಟಕ್ಕೆ ಕೂತಾಗ ನೋಡಿದರೆ ಕಿವಿ ಬರಿದಾಗಿತ್ತು. ಅಪ್ಪ ಹುಬ್ಬಳ್ಳಿಯವನಿಗೆ ಬೈಗುಳ ಶುರು ಮಾಡಿದ, ನಾನೂ ದನಿಗೂಡಿಸಿದೆ. ಮಷೀನು ತಂದು ಸೆಲ್ ನೋಡಿದೆ, ಕಿವಿಗಿಟ್ಟು ನೋಡಿದೆ. ಎಲ್ಲ ಸರಿಯಿತ್ತು.

“ಯಾಕ ತಗದಿಬೇ? ಕೇಳಸೂದಿಲ್ಲೇನು?” ಎಂದು ಒದರಿದೆ.

“ಮಷೀನ್ ಚಲೋ ಐತಿ, ಎಲ್ಲಾ ಕೇಳಸ್ತೈತಿ,” ಎಂದಳು ಅವ್ವ. ದನಿಯಲ್ಲಿ ಸಿಟ್ಟಿರಲಿಲ್ಲ. “ಇಷ್ಟ ದಿನಾ ಕುಂತು ಕೇಳಿದ್ನಿ. ನಿಮ್ಮಪ್ಪಂದು ಎತ್ತಿನ ಸುದ್ದಿ, ನಿಂದು ಸಾಲಿ ಸುದ್ದಿ. ನನ್ನ ಸುದ್ದಿ ಒಬ್ಬರೂ ಒಮ್ಮೀನೂ ತಗೀಲಿಲ್ಲ ನೋಡು.”

ಅಪ್ಪ ಮುರಿದ ರೊಟ್ಟಿಯನ್ನು ಹಾಗೇ ಹಿಡಿದು ಕೂತ. ನಾನು ಮಷೀನನ್ನು ಅವಳತ್ತ ಚಾಚಿದೆ. ಅವ್ವ ತಾಟು ಎತ್ತಿಕೊಂಡು ಅಡುಗೆಮನೆಗೆ ಹೋದಳು.