ಶನಿವಾರದ ಹೆಡ್‌ಫೋನು

ಮಗಳ ಹೆಡ್‌ಫೋನಿಗೆ ನನ್ನ ತಲೆಯ ಎಣ್ಣೆ ಹತ್ತಿತೆಂದು ನಿನ್ನೆ ಬೆಳಿಗ್ಗೆ ಮನೆಯಲ್ಲಿ ಸಣ್ಣದೊಂದು ಗಲಾಟೆ ನಡೆಯಿತು. ತಪ್ಪು ನನ್ನದೇ ಅನ್ನಿ. ಸ್ನಾನಕ್ಕೆ ಮೊದಲು ತಲೆಗೆ ಎಣ್ಣೆ ತಟ್ಟಿಕೊಂಡವಳು ಸುಮ್ಮನೆ ಕೂರಬಾರದೇ? ಮೇಜಿನ ಮೇಲೆ ಆ ದೊಡ್ಡ ಹೆಡ್‌ಫೋನು ಬಿದ್ದಿತ್ತು, ಎರಡು ಕರಿ ಇಡ್ಲಿಗಳನ್ನು ಬಳೆಯ ತುಂಡಿಗೆ ಸಿಕ್ಕಿಸಿದ ಹಾಗೆ. ವಯರಿಲ್ಲ, ಪಿನ್ನಿಲ್ಲ. ಇದು ಹೇಗೆ ಹಾಡುತ್ತದೆ ನೋಡೋಣವೆಂದು ತಲೆಗೇರಿಸಿಕೊಂಡೆ. "ಅಮ್ಮಾ! ಎಣ್ಣೆತಲೆಗೆ ಯಾರಾದರೂ ಇದನ್ನು ಹಾಕ್ತಾರಾ?" ಎಂದು ಮಗಳು ಕಿತ್ತುಕೊಂಡು, ಒರೆಸಿ, ಮೂಸಿ, ನನ್ನ ಮೂಗಿಗೂ ಹಿಡಿದಳು. ರಬ್ಬರಿನ ವಾಸನೆಯ ಮೇಲೆ ತೆಂಗಿನೆಣ್ಣೆಯ ವಾಸನೆ. ಅವಳು ಬೈಯುತ್ತಲೇ ಇದ್ದಳು, ನನಗೆ ನಗು ತಡೆಯಲಾಗಲಿಲ್ಲ. ಯಾಕೆಂದು ಅವಳಿಗೆ ಹೇಳಲಿಲ್ಲ. ನಿಮಗೆ ಹೇಳುತ್ತೇನೆ.

ಎಂಬತ್ತರ ದಶಕದ ನಡುವಿನ ಮಾತು. ಮದುವೆಯಾಗಿ ನಾನು ನಂತೂರಿನ ಹತ್ತಿರದ ಮನೆಗೆ ಬಂದಿದ್ದೆ. ಜನ ತುಂಬಿದ ಮನೆ. ಯಾವ ಕೋಣೆಗೆ ಹೋದರೂ ಅಲ್ಲಿ ಯಾರೋ ಒಬ್ಬರು ವೀಳ್ಯ ಜಗಿಯುತ್ತಲೋ ಮಗುವಿನ ತಲೆ ಬಾಚುತ್ತಲೋ ಕೂತಿರುತ್ತಿದ್ದರು. ನಮ್ಮ ಕೋಣೆಗೂ ಪಕ್ಕದ್ದಕ್ಕೂ ನಡುವೆ ಇದ್ದದ್ದು ಹಲಗೆಯ ಗೋಡೆ, ಅದೂ ಮಾಡಿನವರೆಗೆ ಮುಟ್ಟದ ಗೋಡೆ. ಆಚೆ ಬದಿಯಲ್ಲಿ ನನ್ನ ಗಂಡನ ಸೋದರಮಾವ ಮಲಗುತ್ತಿದ್ದರು. ಅವರು ಮಗ್ಗುಲು ಬದಲಿಸಿದರೆ ನಮ್ಮ ಮಂಚ ಕಿರುಗುಡುತ್ತಿತ್ತು. ಇನ್ನು ನಾವು ಮಾತಾಡಿದರೆ ಏನಾದೀತೆಂದು ನೀವೇ ಊಹಿಸಿ. ಮಾತಾಡುತ್ತಲೇ ಇರಲಿಲ್ಲ. "ನೀರು ಬೇಕಾ?", "ಬೇಡ", "ದೀಪ ಆರಿಸಲಾ?", "ಹೂಂ" – ಮದುವೆಯಾದ ಮೊದಲ ತಿಂಗಳುಗಳಲ್ಲಿ ನಮ್ಮ ದಾಂಪತ್ಯದ ಸಾಹಿತ್ಯವೆಲ್ಲ ಇಷ್ಟೇ.

ನನ್ನವರಿಗೆ ಬೈಕಂಪಾಡಿಯ ಒಂದು ಕಾರ್ಖಾನೆಯಲ್ಲಿ ಯಂತ್ರಗಳ ರಿಪೇರಿ ಮೇಲ್ವಿಚಾರಣೆಯ ಕೆಲಸ. ಸ್ವಭಾವತಃ ಮಾತು ಕಡಿಮೆ. ಈ ಮನುಷ್ಯನಿಗೆ ನಾನೆಂದರೆ ಇಷ್ಟವೋ, ಅಥವಾ ಹಿರಿಯರು ಕಟ್ಟಿಹಾಕಿದರೆಂದು ಸಹಿಸಿಕೊಂಡಿದ್ದಾರೋ ಎಂಬುದು ನನಗೆ ಗೊತ್ತಿರಲಿಲ್ಲ. ಕೇಳುವುದಾದರೂ ಎಲ್ಲಿ? ತಾಯಿಯ ಕಡೆಯಿಂದ ಮನೆತನ ಸಾಗುವ ನಮ್ಮ ಕಡೆಯ ಮನೆಗಳಲ್ಲಿ ಆಗ ಸೋದರಮಾವನ ಮಾತೇ ಮಾತು. ಅವರು ದಿನವಿಡೀ ಚಾವಡಿಯ ಆರಾಮಕುರ್ಚಿಯಲ್ಲಿ ಕೂತು ಮೆಟ್ಟಿಲಿಳಿಯುವ ಎಲ್ಲರನ್ನೂ "ಎಲ್ಲಿಗೆ? ಎಂತಕ್ಕೆ?" ಎಂದು ವಿಚಾರಿಸುತ್ತಿದ್ದರು. ಹಲ್ಲುನೋವು, ಮದುವೆ, ದೇವಸ್ಥಾನ – ಇವು ಪಾಸಾಗುವ ಉತ್ತರಗಳು. ಗಂಡ ಹೆಂಡತಿ ಸುಮ್ಮನೆ ತಿರುಗಾಡಲಿಕ್ಕೆ ಹೋಗುವುದು ಎಂಬ ಉತ್ತರವನ್ನು ಆ ಚಾವಡಿಯಲ್ಲಿ ಯಾರೂ ಕೊಟ್ಟದ್ದಿಲ್ಲ.

ಹೀಗಿರುವಾಗ ಬೊಂಬಾಯಿಯಲ್ಲಿ ಹೋಟೆಲಿಟ್ಟಿದ್ದ ನನ್ನ ಅಣ್ಣ ಒಂದು ವಾಕ್‌ಮನ್ ತಂದುಕೊಟ್ಟ. ಅಂಗೈಯಗಲದ ಟೇಪ್ ರೆಕಾರ್ಡರು, ಜೊತೆಗೆ ಕಿತ್ತಳೆ ಬಣ್ಣದ ಸ್ಪಂಜಿನ ಹೆಡ್‌ಫೋನು. ಮನೆಯಲ್ಲಿ ಅದು ಹಬ್ಬ ಮಾಡಿತು. ಎಲ್ಲರೂ ಸರದಿಯಲ್ಲಿ ಹಾಕಿಕೊಂಡರು, ಎಲ್ಲರ ತಲೆಯಲ್ಲೂ ಎಣ್ಣೆ. ವಾರ ಕಳೆಯುವುದರೊಳಗೆ ಸ್ಪಂಜು ಹಿಂಡಿದರೆ ಒಗ್ಗರಣೆಗೆ ಸಾಕಾಗುವಷ್ಟು ಎಣ್ಣೆಯಾಗಿತ್ತು. ನನ್ನ ಅತ್ತೆ, ಅಂದರೆ ನಾವು ಮಾಮಿ ಎಂದು ಕರೆಯುತ್ತಿದ್ದವರು, ಮಹಾ ಶುಚಿಯ ಹೆಂಗಸು. ಒಂದು ಬೆಳಿಗ್ಗೆ ನೋಡುತ್ತೇನೆ, ಹಿತ್ತಿಲ ತಂತಿಯಲ್ಲಿ ಪಂಚೆಗೂ ಲಂಗಕ್ಕೂ ನಡುವೆ ಹೆಡ್‌ಫೋನು ತಲೆಕೆಳಗಾಗಿ ನೇತಾಡುತ್ತಿದೆ, ವಯರಿನಿಂದ ತೊಟತೊಟ ನೀರು!

"ಜಿಡ್ಡು ಹಿಡಿದು ನಾರುತ್ತಿತ್ತು. ಸೋಪು ಹಾಕಿ ನಾಲ್ಕು ಸಲ ಕಲ್ಲಿಗೆ ಬಡಿದೆ. ಈಗ ನೋಡು, ಹೊಸತರ ಹಾಗೆ ಉಂಟು" ಎಂದರು ಮಾಮಿ.

ನೋಡಲಿಕ್ಕೇನೋ ಹೊಸತರ ಹಾಗೆಯೇ ಇತ್ತು. ಹಾಡು ಮಾತ್ರ ಅದರಿಂದ ಮತ್ತೆಂದೂ ಹೊರಡಲಿಲ್ಲ. ಹೆಡ್‌ಫೋನ್ ಇಲ್ಲದ ವಾಕ್‌ಮನ್ನು ಮೂಕ. ಒಳಗೆ ಚಕ್ರ ತಿರುಗುವುದನ್ನು ನೋಡುತ್ತ ಕೂರಬೇಕು ಅಷ್ಟೆ. ಮಾಮಿಗೆ ತುಂಬ ಬೇಸರವಾಯಿತು. "ಹೊಸತು ತಾ. ಅವಳ ಅಣ್ಣ ಕೊಟ್ಟದ್ದು, ಅವಳನ್ನೂ ಕರಕೊಂಡು ಹೋಗು" ಎಂದು ಮಗನಿಗೆ ಹೇಳಿದರು. ಆ ಶನಿವಾರ ಮಧ್ಯಾಹ್ನ, ಚಾವಡಿಯ ಪರೀಕ್ಷೆಯಲ್ಲಿ ಪಾಸಾಗಿ, ನಾವಿಬ್ಬರೇ ಪೇಟೆಯ ನಡುವಿನ ಹಂಪನಕಟ್ಟೆಗೆ ಸಿಟಿ ಬಸ್ಸು ಹತ್ತಿದೆವು. ಬಸ್ಸಿನಲ್ಲಿ ನಾನು ಮುಂದೆ, ಅವರು ಹಿಂದೆ. ಆದರೂ ನಾವಿಬ್ಬರೇ!

ಹಂಪನಕಟ್ಟೆಯಲ್ಲಿ ಮರದ ಮೆಟ್ಟಿಲು ಹತ್ತಿ ಹೋಗುವ ಒಂದು ಅಂಗಡಿಯಿತ್ತು. ಬಹರೈನಿನಿಂದ ಮರಳಿದ ಫೆಲಿಕ್ಸ್ ಎಂಬವರದ್ದು. ನನ್ನವರು ಅವರನ್ನು, ತುಳುವಿನಲ್ಲಿ ಕ್ರೈಸ್ತರನ್ನು ಮರ್ಯಾದೆಯಿಂದ ಕರೆಯುವ ಹಾಗೆ, ಪೊರ್ಬುಗಳೇ ಎಂದು ಕರೆಯುತ್ತಿದ್ದರು, ಅವರು ಇವರನ್ನು ಸರ್ ಎನ್ನುತ್ತಿದ್ದರು. ಗಾಜಿನ ಪೆಟ್ಟಿಗೆಯಲ್ಲಿ ಹೆಡ್‌ಫೋನುಗಳ ಸಾಲೇ ಸಾಲು. ಸ್ಪಂಜಿನವು, ಕಿವಿಯೊಳಗೆ ತುರುಕುವವು, ಕಿವಿಯನ್ನೇ ನುಂಗುವ ದಪ್ಪ ಮೆತ್ತೆಯವು. ಕೆಲವಕ್ಕೆ ಪಿನ್ನು ಎಷ್ಟು ದಪ್ಪವೆಂದರೆ ನಮ್ಮ ಪುಟ್ಟ ವಾಕ್‌ಮನ್ನಿನ ತೂತಿಗೆ ಹೋಗಲೇ ಇಲ್ಲ.

ನನ್ನವರು ಹೆಡ್‌ಫೋನು ಪರೀಕ್ಷಿಸುವುದನ್ನು ನೀವು ನೋಡಬೇಕಿತ್ತು. ಕಾರ್ಖಾನೆಯಲ್ಲಿ ಮೋಟರಿನ ಮೈಗೆ ಸ್ಕ್ರೂಡ್ರೈವರಿನ ತುದಿ ಊರಿ, ಹಿಡಿಯನ್ನು ಕಿವಿಗಿಟ್ಟು, ಬೇರಿಂಗ್ ಸವೆದಿದೆಯೇ ಎಂದು ಕೇಳುವ ಅಭ್ಯಾಸ ಅವರದ್ದು. ಅದೇ ಗಾಂಭೀರ್ಯದಿಂದ ಕಣ್ಣುಮುಚ್ಚಿ ನಿಂತರು. ಕೊನೆಗೆ, "ಬಲದ್ದರಲ್ಲಿ ಸ್ವಲ್ಪ ಕರಕರ ಉಂಟು" ಎಂದರು. ಆಮೇಲೆ ನನ್ನ ಸರದಿ. ನನ್ನ ಕ್ಯಾಸೆಟ್ಟು ಒಂದು ಯಕ್ಷಗಾನದ್ದು. ಭಾಗವತರು ಎತ್ತರದ ಸ್ವರಕ್ಕೆ ಹೋಗುವ ಮೊದಲು ಉಸಿರೆಳೆದುಕೊಳ್ಳುತ್ತಾರಲ್ಲ, ಚೆಂಡೆಯ ಅಬ್ಬರದ ನಡುವೆ ಆ ಉಸಿರು ಕೇಳಿದರೆ ಹೆಡ್‌ಫೋನು ಒಳ್ಳೆಯದೆಂದು ನನ್ನ ಲೆಕ್ಕ. ಕೇಳಲಿಲ್ಲ. ಬರಿಗೈಯಲ್ಲಿ ಇಳಿದೆವು.

ಬಸ್ಸಿಗೆ ಇನ್ನೂ ಹೊತ್ತಿತ್ತು. "ಐಸ್‌ಕ್ರೀಮ್ ತಿನ್ನುವನಾ?" ಎಂದರು. ಉದ್ದ ಗ್ಲಾಸಿನಲ್ಲಿ ಹಣ್ಣು, ಜೆಲ್ಲಿ, ಬಣ್ಣಬಣ್ಣದ ಐಸ್‌ಕ್ರೀಮು ಒಂದರ ಮೇಲೊಂದು ಹೇರಿದ ಗಡ್‌ಬಡ್ ಬಂತು. ಅದನ್ನು ಬೇಗ ತಿಂದು ಮುಗಿಸಲು ಯಾರಿಂದಲೂ ಆಗುವುದಿಲ್ಲ. ಅದು ಮುಗಿಯುವುದರೊಳಗೆ ನನಗೆ ತಿಳಿದ ವಿಷಯಗಳು: ಈ ಮನುಷ್ಯನಿಗೆ ಈಜು ಬರುತ್ತದೆ, ಬಸಳೆ ಸೇರುವುದಿಲ್ಲ, ಸಣ್ಣವರಿದ್ದಾಗ ವೇಷ ಕಟ್ಟಿ ರಂಗದಲ್ಲಿ ಮಾತು ಮರೆತು ಅತ್ತಿದ್ದರು. ಮನೆಗೆ ಬಂದು ಆ ರಾತ್ರಿ ಸುಮ್ಮಸುಮ್ಮನೆ ನಗುತ್ತ ಮಲಗಿದೆ.

ಮುಂದಿನ ಶನಿವಾರವೂ ಹೋದೆವು, ಅದರ ಮುಂದಿನ ಶನಿವಾರವೂ. ಒಂದಕ್ಕೆ ವಯರು ಗಿಡ್ಡ, ಇನ್ನೊಂದಕ್ಕೆ ತಲೆಪಟ್ಟಿ ಬಿಗಿ, ಮತ್ತೊಂದರಲ್ಲಿ ಚೆಂಡೆ ಡಬ್ಬ ಬಡಿದಂತೆ. ಇವರ ಕಿವಿ ಇಷ್ಟು ನಾಜೂಕೇ ಎಂದು ನಾನು ಆಶ್ಚರ್ಯಪಟ್ಟೆ, ದೇವರೇ ಇವರಿಗೆ ಯಾವುದೂ ಹಿಡಿಸದಿರಲಿ ಎಂದು ಬೇಡಿಕೊಂಡೆ ಕೂಡ. ಯಾವುದಾದರೊಂದು ಹಿಡಿಸಿಬಿಟ್ಟರೆ ಅಲ್ಲಿಗೆ ನನ್ನ ಶನಿವಾರ ಮುಗಿಯಿತಲ್ಲ! ಅವರು ಸುಮ್ಮನಿದ್ದ ಕಡೆ ನಾನೇ ಬಾಯಿಹಾಕಿ, "ಎಡದ್ದು ಸ್ವಲ್ಪ ಕಡಿಮೆ ಅಲ್ಲವಾ?" ಎನ್ನುತ್ತಿದ್ದೆ. ಎಡದ್ದು ಏನೂ ಕಡಿಮೆ ಇರುತ್ತಿರಲಿಲ್ಲ. ಚಾವಡಿಯಲ್ಲಿ ಸೋದರಮಾವನ ಹುಬ್ಬು ಮೇಲೇರತೊಡಗಿತ್ತು. "ಹೆಣ್ಣು ನೋಡ್ಲಿಕ್ಕೂ ಇವ ಇಷ್ಟು ಸಲ ಹೋಗಿರಲಿಲ್ಲ" ಎಂದರು ಒಮ್ಮೆ. ಮಾಮಿ ಮಾತ್ರ, "ಅವಸರ ಎಂತ? ಒಳ್ಳೆಯದೇ ತಗೊಳ್ಳಲಿ" ಎಂದು ಒಳಗೆ ಹೋದರು.

ಕೊನೆಗೊಂದು ಶನಿವಾರ ಫೆಲಿಕ್ಸ್ ಪೊರ್ಬುಗಳು ಹೊಸ ಡಬ್ಬಿ ಬಿಚ್ಚಿದರು. ಮೆತ್ತೆ ದಪ್ಪ, ಪಿನ್ನು ಸಪೂರ. "ಇದು ಹೈ ಕ್ಲಾಸ್ ಸರ್. ಹೊರಗಿನ ಸದ್ದು ಒಂದು ಚೂರೂ ಒಳಗೆ ಬರುವುದಿಲ್ಲ" ಎಂದರು. ಮೊದಲು ನಾನು ಹಾಕಿಕೊಂಡೆ. ಭಾಗವತರು ನನ್ನ ಕಿವಿಯ ಪಕ್ಕದಲ್ಲೇ ಉಸಿರೆಳೆದುಕೊಂಡರು. ಇದರಲ್ಲಿ ಎಂತ ಹುಳುಕು ಹೇಳುವುದು? ತೆಗೆದು ಅವರ ಕೈಗೆ ಕೊಟ್ಟೆ.

ಅಂಗಡಿಯಲ್ಲಿ ಆಗ ಐದಾರು ಮಂದಿ ಗಿರಾಕಿಗಳಿದ್ದರು. ಅವರಲ್ಲಿ ನಮ್ಮ ಪಕ್ಕದ ಮನೆಯ ನರ್ಸು ಸಿಸಿಲಿ ಬಾಯಿ ಕೂಡ, ಟಾರ್ಚಿಗೆ ಬ್ಯಾಟರಿ ಕೊಳ್ಳುತ್ತ ನಿಂತಿದ್ದರು. ನನ್ನವರು ಹೆಡ್‌ಫೋನು ಹಾಕಿ, ಚೆಂಡೆ ಏರುವವರೆಗೆ ಕಣ್ಣುಮುಚ್ಚಿ ಕೇಳಿದರು. ಆಮೇಲೆ ನನ್ನ ಕಡೆ ಬಾಗಿ, ಪಿಸುಮಾತಿನಲ್ಲಿ ಹೇಳುತ್ತಿದ್ದೇನೆಂದು ತಿಳಿದು, ಇಡೀ ಹಂಪನಕಟ್ಟೆಗೆ ಕೇಳುವಂತೆ ತುಳುವಿನಲ್ಲಿ ಕೂಗಿದರು:

"ಇದು ಭಾರೀ ಒಳ್ಳೆಯದುಂಟು! ನೀನು ಒಳ್ಳೆಯದಿಲ್ಲ ಅಂತ ಹೇಳು! ಇದನ್ನು ತಗೊಂಡರೆ ಮುಂದಿನ ಶನಿವಾರ ನಿನ್ನನ್ನು ಎಂತ ಹೇಳಿ ಕರಕೊಂಡು ಬರುವುದು?"

ಅಂಗಡಿಯಲ್ಲಿ ಎದ್ದ ನಗುವಿಗೆ ಗಾಜಿನ ಪೆಟ್ಟಿಗೆಗಳು ಗಲಗಲವೆಂದವು. ಹೆಡ್‌ಫೋನು ತೆಗೆದ ನನ್ನವರು, "ಎಂತ ಆಯಿತು? ಎಲ್ಲರೂ ಯಾಕೆ ನಗ್ತಾರೆ?" ಎಂದು ಮುಗ್ಧರಾಗಿ ಕೇಳಿದರು. ಪೊರ್ಬುಗಳು ನಗು ನುಂಗಿ, ಹೆಡ್‌ಫೋನು ಡಬ್ಬಿಗೆ ಹಾಕುತ್ತ, "ಈ ಪೀಸ್ ಸರಿ ಇಲ್ಲ ಸರ್. ಮುಂದಿನ ಶನಿವಾರ ಬನ್ನಿ" ಎಂದರು. ನನಗೆ ನಾಚಿಕೆಯಿಂದ ಮುಖ ಉರಿಯುತ್ತಿತ್ತು. ಈ ಮನುಷ್ಯನಿಗೆ ನಾನೆಂದರೆ ಇಷ್ಟ! ಅಷ್ಟು ಜನರೆದುರು ನನಗೆ ಎಲ್ಲಿಂದ ಧೈರ್ಯ ಬಂತೋ, "ಇದನ್ನೇ ಕೊಡಿ, ನಮಗೆ ಇದೇ ಬೇಕು" ಎಂದುಬಿಟ್ಟೆ.

ಗಡ್‌ಬಡ್ ತಿಂದು ಮನೆಗೆ ಬರುವಷ್ಟರಲ್ಲಿ ಸಿಸಿಲಿ ಬಾಯಿ ನಮಗಿಂತ ಮೊದಲೇ ಮುಟ್ಟಿಯಾಗಿತ್ತು. ಚಾವಡಿಯಲ್ಲಿ ಸೋದರಮಾವ ಡಬ್ಬಿಯನ್ನು ತಿರುಗಿಸಿ ನೋಡಿ, "ಅಂತೂ ಸಿಕ್ಕಿತಲ್ಲ. ಇನ್ನು ಶನಿವಾರ ಶನಿವಾರ ಪೇಟೆ ಸುತ್ತುವುದು ಸಾಕು" ಎಂದರು. ನನ್ನವರು ತಲೆತಗ್ಗಿಸಿ ನಿಂತರು. ನನಗೆ ಅಳುವೇ ಬಂತು. ಅಷ್ಟರಲ್ಲಿ ಒದ್ದೆ ಕೈಯಲ್ಲೇ ಮಾಮಿ ಹೊರಗೆ ಬಂದು ತಮ್ಮನ ಎದುರು ನಿಂತರು.

"ಸಾಕು ಅಂದರೆ ಹೇಗೆ? ಅದಕ್ಕೆ ಹೊಸ ಕ್ಯಾಸೆಟ್ ಬೇಡವಾ? ಇರುವುದೊಂದು ಮುಗಿದ ಮೇಲೆ ಖಾಲಿ ಹೆಡ್‌ಫೋನು ಕಿವಿಗಿಟ್ಟುಕೊಂಡು ಎಂತ ಕೇಳುವುದು ಮಾರಾಯ, ನಿನ್ನ ಗೊರಕೆಯನ್ನಾ? ಕ್ಯಾಸೆಟ್ ಆರಿಸ್ಲಿಕ್ಕೆ ಹೆಡ್‌ಫೋನಿಗಿಂತ ಹೆಚ್ಚು ಹೊತ್ತು ಬೇಕಂತೆ. ಸಿಸಿಲಿ ಬಾಯಿ ಹೇಳಿದರು."

ಅಕ್ಕನೆದುರು ಸೋದರಮಾವನ ಹುಬ್ಬು ಕೆಳಗಿಳಿಯಿತು. ನಾನು ಮಾಮಿಯ ಬೆನ್ನಿಗೇ ಅಡುಗೆಮನೆಗೆ ಹೋದೆ. ಅವರು ಗೋಡೆಗೊರಗಿ, ಸೆರಗನ್ನು ಬಾಯಿಗೊತ್ತಿಕೊಂಡು ಕಣ್ಣೀರು ಬರುವವರೆಗೆ ನಗುತ್ತಿದ್ದರು. ನಗು ನಿಂತ ಮೇಲೆ, ತೆಂಗಿನಕಾಯಿ ತುರಿಯುತ್ತ ಹೇಳಿದರು: "ಇವನ ಅಪ್ಪನ ಒಟ್ಟಿಗೆ ನಾನು ಪೇಟೆಗೆ ಹೋದದ್ದು ಒಂದೇ ಸಲ ಮಗಾ. ಹಲ್ಲು ಕೀಳಿಸ್ಲಿಕ್ಕೆ. ಬಾಯಿ ತುಂಬ ಹತ್ತಿ ಇತ್ತು, ಒಂದು ಮಾತು ಆಡ್ಲಿಕ್ಕೆ ಆಗಲಿಲ್ಲ. ಆದರೂ ದಾರಿಯುದ್ದಕ್ಕೂ ಎಷ್ಟು ಖುಷಿ ಗೊತ್ತುಂಟಾ? ಇನ್ನೊಂದು ಹಲ್ಲು ಹುಳುಕಾಗಲಿ ಅಂತ ಕಾದೆ. ಆಗಲೇ ಇಲ್ಲ."

ಆಮೇಲೆ ನಾವು ವರ್ಷಗಟ್ಟಲೆ ಕ್ಯಾಸೆಟ್ಟು ಆರಿಸಿದೆವು. ಒಂದೂ ಸುಲಭವಾಗಿ ಹಿಡಿಸಲಿಲ್ಲ.

ಇದನ್ನೆಲ್ಲ ನೆನೆಯುತ್ತ ನಿನ್ನೆ ಸ್ನಾನ ಮುಗಿಸಿ ಬಂದರೆ ನನ್ನವರು ಪೇಪರು ಹಿಡಿದು ಕೂತಿದ್ದರು. ನಿವೃತ್ತರಾಗಿ ಕಾಲವಾಯಿತು. ಈಗ ನಮ್ಮನ್ನು ತಡೆಯುವವರು ಯಾರೂ ಇಲ್ಲ. ಯಾವ ವಾರ ಬೇಕಾದರೂ, ಯಾವ ಹೊತ್ತಿಗೆ ಬೇಕಾದರೂ ಹೋಗಬಹುದು. ಹಾಗಿರುವುದರಿಂದಲೇ ಇರಬೇಕು, ನಾವಿಬ್ಬರೂ ಒಟ್ಟಿಗೆ ಹೊರಗೆ ಕಾಲಿಟ್ಟು ತಿಂಗಳುಗಳೇ ಆಗಿದ್ದವು. ಮದ್ದಿಗೆ ಅವರು ಹೋಗುತ್ತಾರೆ, ತರಕಾರಿಗೆ ನಾನು. ಕೂದಲು ಆರುವುದಕ್ಕೂ ಕಾಯದೆ ಒಳ್ಳೆಯ ಸೀರೆಯುಟ್ಟು ಬಂದು, "ಹೊರಡಿ, ಪೇಟೆಗೆ ಹೋಗುವ" ಎಂದೆ.

"ಮದ್ದು ಮುಗಿದಿದೆಯಾ?" ಎಂದರು ಪೇಪರಿನ ಹಿಂದಿನಿಂದ.

"ಇಲ್ಲ."

"ಬ್ಯಾಂಕಿನ ಕೆಲಸವಾ?"

"ಅಲ್ಲ."

ಪೇಪರು ಕೆಳಗಿಳಿಸಿ ನನ್ನನ್ನೂ ನನ್ನ ಸೀರೆಯನ್ನೂ ನೋಡಿದರು. ಆಮೇಲೆ ಪೇಪರು ಮಡಚಿಟ್ಟು ಎದ್ದು, ಲುಂಗಿ ಬದಲಿಸಿ ಪ್ಯಾಂಟು ಹಾಕಿಕೊಳ್ಳಲು ಒಳಗೆ ಹೋದರು.