ಕೆಂಪು ಹಿಡಿಯ ಇಕ್ಕಳ

ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲಾದರೂ ಹಳೇ ಕಬ್ಬಿಣದ ಸಾಮಾನು ಕಾಣದಿದ್ದರೆ ಮೊದಲು ಎಲ್ಲರೂ ನೋಡುವುದು ಪೀರ್ ಸಾಬರ ಮನೆ ಕಡೆಗೆ. ಕದಿಯುವ ಮನುಷ್ಯರಲ್ಲ, ಪಾಪ. ಆದರೆ ತುಕ್ಕು ಹಿಡಿದ ಇಕ್ಕಳವೊಂದು ಕಣ್ಣಿಗೆ ಬಿದ್ದರೆ ಅದನ್ನು ಬಿಟ್ಟು ಬರುವ ಶಕ್ತಿ ಅವರಿಗಿಲ್ಲ. ಕೇಳಿ, ಕಾಡಿ, ಬದಲಿಗೆ ಆ ಮನೆಯ ಮಗುವಿನ ಕೈಗೊಂದು ಬಣ್ಣದ ಬುಗುರಿ ಕೊಟ್ಟಾದರೂ ತಂದೇ ತರುತ್ತಾರೆ.

ಚನ್ನಪಟ್ಟಣದಲ್ಲಿ ನನ್ನ ಟೈಲರ್ ಅಂಗಡಿಗೂ ಅವರ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಅಂಗಡಿ ಬೋರ್ಡಿನ ಮೇಲೆ ಜ್ಯೋತಿಲಕ್ಷ್ಮಿ ಎಂದು ಬರೆಸಿದ್ದೇನೆ, ಬೀದಿಗೆಲ್ಲ ನಾನು ಜ್ಯೋತಮ್ಮ. ಪೀರ್ ಸಾಬರು ಪ್ರಾಯವನ್ನೆಲ್ಲ ಲೇತಿನ ಮುಂದೆ ಕಳೆದವರು. ಮರ ಕಡೆದು, ಅರಗಿನ ಬಣ್ಣ ಹಚ್ಚಿ, ಗೊಂಬೆ ಮಾಡುವ ಕೆಲಸ. ಮರದ ಧೂಳಿಗೆ ಎದೆ ಕಟ್ಟಿಕೊಳ್ಳತೊಡಗಿದಾಗ ಡಾಕ್ಟರು ಲೇತು ಬಿಡಿಸಿದರು. ಕೈ ಸುಮ್ಮನಿರಬೇಕಲ್ಲ. ಗುಜರಿ ಅಂಗಡಿಗಳನ್ನು ಸುತ್ತಲು ಶುರುಮಾಡಿದರು. ರಾಮನಗರ, ಮಾಗಡಿ, ಕನಕಪುರ, ಹಾರೋಹಳ್ಳಿ, ಎಲ್ಲ ಕಡೆಯ ಗುಜರಿಯವರಿಗೂ ಇವರು ನೆಂಟರಿದ್ದ ಹಾಗೆ. ಸುತ್ತಿಗೆ, ಉಳಿ, ಸ್ಪ್ಯಾನರ್ ಎಲ್ಲವೂ ಬೇಕು, ಆದರೆ ಪ್ರಾಣ ಇರುವುದು ಇಕ್ಕಳದ ಮೇಲೆ. ಅಂಗಡಿಯವರು ಕಟಿಂಗ್ ಪ್ಲೇಯರ್ ಎನ್ನುವುದು, ಉದ್ದ ಮೂತಿಯದು, ಗಿಣಿಮೂತಿಯದು, ಒಂದೂ ಬಿಡುವುದಿಲ್ಲ.

ತಂದ ಇಕ್ಕಳವನ್ನು ಜಗುಲಿಯ ಬೆಳಕಿಗೆ ಹಿಡಿದು ಅದರ ಜಾತಕ ಓದುತ್ತಾರೆ. "ಇದು ಕರೆಂಟ್ ಕೆಲಸದವನ ಕೈಲಿದ್ದದ್ದು ಕಣಮ್ಮ. ಬಾಯಲ್ಲಿ ಸುಟ್ಟ ಗಾಯ ಐತೆ ನೋಡು. ಚಾಲೂ ವೈರ್ ಕತ್ತರ್ಸವ್ನೆ." ಇನ್ನೊಂದನ್ನು ತಿರುಗಿಸಿ ನೋಡಿ, "ಇವ್ನು ಸೈಕಲ್ ಶಾಪಿನೋನು. ಹಿಡಿ ತುದಿ ತಟ್ಟಿ ಸ್ಕ್ರೂಡ್ರೈವರ್ ಮಾಡ್ಕಂಡವ್ನೆ." ತಲೆ ಜಜ್ಜಿಹೋಗಿದ್ದರೆ ಅದನ್ನೇ ಸುತ್ತಿಗೆ ಮಾಡಿಕೊಂಡ ಸೋಮಾರಿಗೆ ಒಂದಿಷ್ಟು ಬೈಗುಳ. ಸವೆದ ಅಕ್ಷರಗಳ ಮೇಲೆ ಸೀಮೆಸುಣ್ಣ ತಿಕ್ಕಿ ಒರೆಸಿದರೆ ಹೆಸರು ಬೆಳ್ಳಗೆ ಮೂಡುತ್ತದೆ. ಜರ್ಮನಿಯೋ, ಇಂಗ್ಲೆಂಡೋ, ಜಲಂಧರೋ ಆಗ ಗೊತ್ತಾಗುತ್ತದೆ. ಆಮೇಲೆ ಹುಣಸೆ ನೀರಿನಲ್ಲಿ ನೆನೆಹಾಕಿ, ತಂತಿ ಬ್ರಷ್ಷಿನಲ್ಲಿ ಉಜ್ಜಿ, ಕೀಲಿಗೆ ಎಣ್ಣೆ ಬಿಡುತ್ತಾರೆ. ಎಣ್ಣೆ ನನ್ನ ಹೊಲಿಗೆ ಮೆಷಿನ್ನಿನದು. ಕೇಳದೆ ತೆಗೆದುಕೊಂಡು ಹೋಗುವುದು ಅವರ ಹಕ್ಕು ಎಂದು ನಾನೂ ಒಪ್ಪಿಕೊಂಡುಬಿಟ್ಟಿದ್ದೇನೆ. ಎಣ್ಣೆ ಬಿಟ್ಟ ಮೇಲೆ ಇರುವುದು ಒಂದೇ ಕೆಲಸ. ಹಿಡಿ ಒತ್ತುವುದು, ಬಿಡಿಸುವುದು, ಒತ್ತುವುದು, ಬಿಡಿಸುವುದು. ಕೀಲು ಸಡಿಲವಾಗುವ ತನಕ.

ಹೆಂಡತಿ ಶರ್ಫುನ್ನೀಸಾ ಇದನ್ನೆಲ್ಲ ನೋಡಿ ಸುಮ್ಮನಿದ್ದವಳಲ್ಲ. "ಮನೆ ತುಂಬ ತುಕ್ಕು. ನನ್ನನ್ನೂ ಒಂದಿನ ಹುಣ್ಸೆ ನೀರಿಗೆ ಹಾಕ್ಬುಡ್ತೀರಿ" ಎನ್ನುತ್ತಿದ್ದಳು. ನನಗೆ ಅವಳು ಶರ್ಫಕ್ಕ. ಗಂಡ ಕಡೆದ ಗೊಂಬೆಗೆ ಕೇದಗೆ ಗರಿ ಹಿಡಿದು ಹೊಳಪು ಕೊಡುತ್ತಿದ್ದ ಕೈ ಅವಳದು. ಮನೆಯೊಳಗೆ ಅವರಿಬ್ಬರ ಮಾತು ಉರ್ದುವಿನಲ್ಲಿ. ಗೋಡೆಯಾಚೆಯಿಂದ ಕೇಳಿ ಕೇಳಿ ನನಗೆ ಅದು ಪಾಠವಾಗಿದೆ, ಇಲ್ಲಿ ಹೇಳುವುದು ನನ್ನ ಕನ್ನಡದಲ್ಲಿ.

ಹೋದ ಮಳೆಗಾಲದಲ್ಲಿ ಶರ್ಫಕ್ಕನಿಗೆ ಸ್ಟ್ರೋಕ್ ಆಯಿತು. ಮಾತು ಬೇಗ ಮರಳಿತು, ಅದು ಎಲ್ಲಿಗೂ ಹೋಗುವಂಥದ್ದಲ್ಲ. ಕಾಲು ಎಳೆದುಕೊಂಡಾದರೂ ನಡೆದಳು. ಬಲಗೈ ಮಾತ್ರ ಹಿಡಿತಕ್ಕೆ ಬರಲಿಲ್ಲ. ಬೆರಳುಗಳು ಒಂದನ್ನೊಂದು ಮುಟ್ಟುತ್ತಲೇ ಇರಲಿಲ್ಲ. ಎಡಗೈಯಲ್ಲಿ ಉಣ್ಣುವುದನ್ನು ಯಾರೂ ನೋಡಬಾರದೆಂದು ಅಡುಗೆಮನೆಯ ಬಾಗಿಲು ಹಾಕಿಕೊಂಡು ಚಮಚದಲ್ಲಿ ಉಣ್ಣತೊಡಗಿದಳು. ಗಂಡನ ಎದುರಿಗೂ ಉಣ್ಣಲಿಲ್ಲ. ಕನಕಪುರಕ್ಕೆ ಕೊಟ್ಟ ಮಗಳು ನಿಖಾತ್ ಎಷ್ಟು ಕರೆದರೂ ಹೋಗಲಿಲ್ಲ. "ಬೀಗರ ಮುಂದೆ ಎಡಗೈ ಹಾಕ್ಲಾ ತಟ್ಟೆಗೆ? ಬಲಗೈ ಬರ್ಲಿ, ಆಮೇಲೆ ಬತ್ತೀನಿ" ಎಂದು ಫೋನ್ ಇಟ್ಟಳು. ಅಷ್ಟು ವರ್ಷ ಊಟದ ಬಟ್ಟೆ ಹಾಸಿ ಒಂದೇ ದಸ್ತರಖಾನಿನ ಮುಂದೆ ಕೂತು ಉಂಡ ಗಂಡ ಹೆಂಡತಿ ಈಗ ಬೇರೆ ಬೇರೆ ಉಣ್ಣುತ್ತಿದ್ದರು.

ಆಸ್ಪತ್ರೆಯವರು ಹಿಚುಕಲು ರಬ್ಬರ್ ಚೆಂಡು ಕೊಟ್ಟಿದ್ದರು. "ನಾನೇನ್ ಕೂಸಾ?" ಎಂದು ಶರ್ಫಕ್ಕ ಅದನ್ನು ಬೀದಿಗೆ ಎಸೆದಳು. ಪೀರ್ ಸಾಬರು ಎರಡು ದಿನ ಯೋಚಿಸಿದರು. ಮೂರನೇ ದಿನ ಎಣ್ಣೆ ಕುಡಿದ ಒಂದು ಇಕ್ಕಳವನ್ನು ಅವಳ ತೊಡೆಯ ಮೇಲಿಟ್ಟು, "ನಂಗೆ ಎದೆ ಕಟ್ತದೆ ಶರ್ಫು. ಇದರ ಕೀಲು ಒಸಿ ಬಿಡಿಸಿಕೊಡು" ಎಂದರು. ಕೆಲಸವೆಂದರೆ ಅವಳು ಇಲ್ಲ ಎನ್ನುವವಳಲ್ಲ. ಒತ್ತಿದಳು, ಬಿಡಿಸಿದಳು.

ಅಂದಿನಿಂದ ಸಡಿಲವಾದದ್ದು ಮೊದಲು, ಬಿಗಿಯಾದದ್ದು ಆಮೇಲೆ ಎಂದು ಲೆಕ್ಕ ಹಾಕಿ ಒಂದೊಂದೇ ಕೊಡುತ್ತ ಬಂದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಹೆಂಡತಿ ಮಧ್ಯಾಹ್ನ ಮಲಗಿದಾಗ ಅದೇ ಇಕ್ಕಳವನ್ನು ತೆಗೆದು, ಎಣ್ಣೆ ಬಿಟ್ಟು, ತಾವೇ ಆಡಿಸಿ, ಇದ್ದಲ್ಲೇ ಇಡುತ್ತಿದ್ದರು. ಸಂಜೆ ಅದು ಸಲೀಸಾಗಿ ಬಾಯಿ ಬಿಟ್ಟರೆ ಅವಳ ಮುಖ ಅರಳುತ್ತಿತ್ತು. ಒಂದು ದಿನ ಮೂಸಿ ನೋಡಿದಳು. "ಏನ್ರೀ, ಇದ್ರಲ್ಲಿ ಜ್ಯೋತಿ ಮೆಷಿನ್ ಎಣ್ಣೆ ವಾಸ್ನೆ ಬತ್ತೈತಲ್ಲ. ಬೆಳಿಗ್ಗೆ ಇಷ್ಟಿರ್ಲಿಲ್ಲ."

ಆ ಸಂಜೆ ಗೋಡೆಯಾಚೆ ನಡೆದದ್ದನ್ನು ಕೇಳಲು ನಾನು ಹೊಲಿಗೆ ನಿಲ್ಲಿಸಬೇಕಾಗಲಿಲ್ಲ, ಅಷ್ಟು ಜೋರಿತ್ತು. ಕೊನೆಗೆ ಶರ್ಫಕ್ಕ ಗಂಡನ ಕೈಯನ್ನು ತನ್ನ ತಲೆಯ ಮೇಲೆ ಇಡಿಸಿಕೊಂಡು ಆಣೆ ಹಾಕಿಸಿದಳು. ಅವಳ ಕೈಗೆ ಬಂದ ಇಕ್ಕಳವನ್ನು ಅವರು ಮತ್ತೆ ಮುಟ್ಟುವಂತಿಲ್ಲ. ಪೀರ್ ಸಾಬರು ಮಾತಿಗೆ ತಪ್ಪುವವರಲ್ಲ. ಅದಾದ ಮೇಲೆ ಬಿಡಿಸಿದ ಕೀಲುಗಳೆಲ್ಲ ಅವಳವೇ. ನಿಧಾನವಾಯಿತು, ಆದರೆ ಕೈ ಬರುತ್ತಿತ್ತು. ಬಾಚಣಿಗೆ ಹಿಡಿದಳು. ನನ್ನ ಅಂಗಡಿಗೆ ಬಂದು ನೆಲಕ್ಕೆ ಬಿದ್ದ ಗುಂಡಿಯೊಂದನ್ನು ಎರಡು ಬೆರಳಲ್ಲಿ ಎತ್ತಿ, ಏನೂ ಆಗದವಳ ಹಾಗೆ ಮೇಜಿನ ಮೇಲಿಟ್ಟು ಹೋದಳು. ನಾನೂ ನೋಡದವಳ ಹಾಗೆ ಇದ್ದೆ.

ಆಗ ಮಾಗಡಿಯ ಗುಜರಿಯಲ್ಲಿ ಪೀರ್ ಸಾಬರಿಗೆ ಒಂದು ಉದ್ದ ಮೂತಿಯ ಇಕ್ಕಳ ಸಿಕ್ಕಿತು. ಹಳೇ ಜರ್ಮನಿಯ ಮಾಲು. ತುಕ್ಕು ತೆಗೆದರು, ಕೀಲನ್ನು ಹದಕ್ಕೆ ತಂದರು. ಹಿಡಿಗಳು ತೆಳ್ಳಗಿದ್ದವು, ಶರ್ಫಕ್ಕನ ಬೆರಳಿಂದ ಜಾರಬಹುದು ಎನ್ನಿಸಿತು. ಅರಗಿನ ಕೆಲಸದವರಿಗೆ ಏನೇ ಕಂಡರೂ ಬಣ್ಣ ಹಚ್ಚಬೇಕು. ಹಿಡಿಗಳನ್ನು ಸ್ಟವ್ ಮೇಲೆ ಕಾಯಿಸಿ, ಅವಳಿಗೆ ಇಷ್ಟವಾದ ದಾಳಿಂಬೆ ಕೆಂಪಿನ ಅರಗಿನ ಕಡ್ಡಿ ಒತ್ತಿ, ದಪ್ಪಗೆ ಬಣ್ಣ ಕೂರಿಸಿದರು. ಮೂತಿ ಕೆಳಗೆ ಮಾಡಿ ಕಿಟಕಿಯಲ್ಲಿ ನೇತುಹಾಕಿದರು. ಬೆಳಿಗ್ಗೆ ಅವರು ನಮಾಜಿಗೆ ಹೋಗಿದ್ದಾಗ ಶರ್ಫಕ್ಕ ಅದನ್ನು ತಾನೇ ತೆಗೆದುಕೊಂಡಳು. ಅಲ್ಲಿಗೆ ಆಣೆ ಜಾರಿಗೆ ಬಂತು.

ಅರೆಬಾಯಿ ತೆರೆದು ನಿಂತಿದ್ದ ಆ ಇಕ್ಕಳ ಬಾಯಿ ಮುಚ್ಚಲೂ ಇಲ್ಲ, ಬಿಡಲೂ ಇಲ್ಲ. ಶರ್ಫಕ್ಕ ಹೊಸಿಲ ಮೇಲೆ ಕೂತು ದಿನಗಟ್ಟಲೆ ಒತ್ತಿದಳು. ಹಲ್ಲು ಕಚ್ಚಿ ಒತ್ತುವುದು, ಬೆವರು ಒರೆಸಿಕೊಳ್ಳುವುದು, ಮತ್ತೆ ಒತ್ತುವುದು. ಪೀರ್ ಸಾಬರು ಆಣೆಗೆ ಕಟ್ಟುಬಿದ್ದು, ಮುಟ್ಟದೆ ಎದುರಿಗೆ ಕೂತು ನೋಡಿದರು. ಕೀಲು ಹದವಾಗಿದೆ ಎಂದು ಅವರಿಗೆ ಗೊತ್ತಿತ್ತು, ಹಾಗಾಗಿ ಕೈಯೇ ಸೋಲುತ್ತಿದೆ ಎಂದುಕೊಂಡರು. ಅವಳೂ ಹಾಗೇ ಅಂದುಕೊಂಡಳು. ಒಂದು ದಿನ ನನ್ನ ಅಂಗಡಿಗೆ ಬಂದು ಇಕ್ಕಳವನ್ನು ಮೇಜಿನ ಮೇಲಿಟ್ಟಳು.

"ನಿಂಗೇ ಇರ್ಲಿ ಜ್ಯೋತಿ. ಮೆಷಿನ್ ರಿಪೇರಿಗೆ ಆಯ್ತದೆ. ನನ್ನ ಕೈ ಸತ್ತೋಗೈತೆ ಕಣೆ."

ಬೈಯಬೇಕೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಕಾಲೆಳೆಯುತ್ತ ಹೊರಟುಹೋದಳು. ಅದಾದ ಮೇಲೆ ಜಗುಲಿಯಲ್ಲಿ ಇಕ್ಕಳದ ಸದ್ದು ನಿಂತಿತು. ಗುಂಡಿ ಎತ್ತಿದ ಕೈ ಸೆರಗಿನೊಳಗೆ ಸೇರಿತು. ಪೀರ್ ಸಾಬರು ಗುಜರಿಗೂ ಹೋಗಲಿಲ್ಲ.

ವಾರ ಕಳೆದಿರಬಹುದು. ನನ್ನ ಮೆಷಿನ್ನಿನ ತಿರುಪೊಂದು ಬಿಗಿದುಕೊಂಡು ಆ ಇಕ್ಕಳ ಕೈಗೆತ್ತಿಕೊಂಡೆ. ಬಾಯಿ ಬಿಡಲಿಲ್ಲ. ಎರಡೂ ಕೈ ಹಾಕಿದೆ. ಒಂದು ಹಿಡಿಯನ್ನು ಕಾಲಡಿ ಒತ್ತಿ ಇನ್ನೊಂದನ್ನು ಜಗ್ಗಿದೆ. ಊಹೂಂ. ದಪ್ಪ ಜೀನ್ಸ್ ಬಟ್ಟೆಯನ್ನು ಒಂದೇ ಉಸಿರಿಗೆ ಕತ್ತರಿಸುವ ಕೈ ನನ್ನದು. ನನಗೇ ಜಗ್ಗದ್ದು ಅವಳಿಗೆ ಹೇಗೆ ಜಗ್ಗುತ್ತದೆ ಎಂದು ತಲೆ ಕೆಟ್ಟು, ನೇರ ಪೀರ್ ಸಾಬರ ಜಗುಲಿಗೆ ಹೋದೆ.

"ಸಾಬ್ರೇ, ಇದನ್ನ ಒಸಿ ನೋಡಿ."

ಅವರು ಕೈ ಹಿಂದಕ್ಕೆ ಎಳೆದುಕೊಂಡರು. "ಆಣೆ ಐತೆ ಕಣಮ್ಮ."

"ಆಣೆ ಇರೋದು ಅಕ್ಕನ ಇಕ್ಕಳಕ್ಕೆ. ಇದು ಈಗ ನಂದು. ಹಿಡೀರಿ."

ಹಿಡಿದರು. ಒತ್ತಿ ನೋಡಿದರು. ಮುಖ ಬದಲಾಯಿತು. ಸೂಜಿ ಕೇಳಿ, ಕೀಲಿನ ಸಂದಿಯನ್ನು ಕೆರೆದರು. ತುಕ್ಕಿನ ಬಣ್ಣದ್ದೇ ಆದ ಕೆಂಪು ಪುಡಿ ಉದುರಿತು. ಅದನ್ನು ಬೆರಳಲ್ಲಿ ಉಜ್ಜಿ ಮೂಸಿದರು. ಅರಗು.

"ಮರ ಬೇಗ ತಣ್ಣಗಾಯ್ತದೆ. ಕಬ್ಬಿಣ ಬಿಸಿ ಬುಡಲ್ಲ" ಎಂದರು ತಮ್ಮಷ್ಟಕ್ಕೆ. ಹಿಡಿಗೆ ಹಚ್ಚಿದ ಅರಗು ಕಾದ ಕಬ್ಬಿಣದ ಮೇಲೆ ಕರಗಿ, ಮೂತಿ ಕೆಳಗಾಗಿ ನೇತುಬಿದ್ದ ಇಕ್ಕಳದ ಕೀಲಿಗೆ ಇಳಿದು ಗಟ್ಟಿಯಾಗಿತ್ತು. ಆಯಸ್ಸೆಲ್ಲ ಮರಕ್ಕೆ ಅರಗು ಹಚ್ಚಿದವರಿಗೆ ಇದು ಹೊಳೆದಿರಲಿಲ್ಲ. ಹಣೆ ಹಣೆ ಬಡಿದುಕೊಂಡರು. ನಾನು ಕೈ ಹಿಡಿದು ನಿಲ್ಲಿಸಿದೆ.

ಆಗ ಅವರು ಇಕ್ಕಳವನ್ನು ಬಿಸಿಲಿಗೆ ತಿರುಗಿಸಿ ಬಹಳ ಹೊತ್ತು ನೋಡಿದರು. ಕೀಲಿನ ಸುತ್ತ, ಅರಗಿನ ಮೇಲೆ, ಕೂದಲೆಳೆಯಷ್ಟು ಸಣ್ಣ ಬಿರುಕು. ಬಿರುಕು ಅಂಚಿನಲ್ಲಿ ಹಳತಾಗಿ ಮಾಸಿತ್ತು, ನನ್ನ ಜಗ್ಗಾಟದ್ದಲ್ಲ. ಎದ್ದವರೇ ಬರಿಗಾಲಲ್ಲಿ ಒಳಗೆ ಓಡಿದರು, ನಾನೂ ಹಿಂದೆ ಹೋದೆ. ಶರ್ಫಕ್ಕ ಗೋಡೆಗೆ ಒರಗಿ ಕೂತಿದ್ದಳು.

"ಶರ್ಫು, ತಪ್ಪು ನಂದು. ಕೀಲಿಗೆ ಅರಗು ಇಳಿದೈತೆ. ಪೈಲ್ವಾನ್ ಬಂದ್ರೂ ಬಿಡಿಸಕ್ಕಾಗಲ್ಲ." ಅವರಿಗೆ ಉಸಿರು ಕಟ್ಟುತ್ತಿತ್ತು. "ನೀನು ಒತ್ತಿ ಒತ್ತಿ ಅದನ್ನ ಸೀಳಿದೀಯ. ನೋಡು ಇಲ್ಲಿ. ಇದು ನಿನ್ನ ಕೈ ಮಾಡಿದ್ದು."

ಶರ್ಫಕ್ಕ ಬಿರುಕನ್ನು ನೋಡಿದಳು. ಉಗುರಿನಿಂದ ಮುಟ್ಟಿದಳು. ಕಣ್ಣು ತುಂಬಿ ಬಂದು, ಒರೆಸಿಕೊಳ್ಳದೆ ಹಾಗೇ ಕೂತಳು. ಪೀರ್ ಸಾಬರು ಸ್ಟವ್ ಹಚ್ಚಲು ಹೊರಟರು, ಕಾಯಿಸಿದರೆ ಅರಗು ಬಿಟ್ಟುಕೊಳ್ಳುತ್ತದೆ.

"ಕಾಯಿಸ್ಬ್ಯಾಡಿ. ಕೊಡಿ ಇಲ್ಲಿ" ಎಂದಳು.

ಜಗುಲಿಯಲ್ಲಿ ಮತ್ತೆ ಒತ್ತುವುದು ಶುರುವಾಯಿತು. ಇಕ್ಕಳ ಹಟ ಹಿಡಿದಿತ್ತು, ಅವಳೂ ಹಿಡಿದಳು. ಒಂದು ಮಧ್ಯಾಹ್ನ ಗೋಡೆಯಾಚೆ ಟಕ್ ಎಂದಿತು. ನಾನು ಮೆಷಿನ್ ಬಿಟ್ಟು ಎದ್ದು ಹೋದೆ. ಕೆಂಪು ಚೂರುಗಳು ನೆಲದ ಮೇಲೆ ಬಿದ್ದಿದ್ದವು. ಶರ್ಫಕ್ಕನ ಬಲಗೈಯಲ್ಲಿ ಇಕ್ಕಳ ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಪೀರ್ ಸಾಬರು ಬಗ್ಗಿ ಆ ಚೂರುಗಳನ್ನು ಒಂದೊಂದಾಗಿ ಆಯುತ್ತಿದ್ದರು.

ಅವಳು ಇಕ್ಕಳ ಕೆಳಗಿಟ್ಟು ಎದ್ದಳು. ಅಡುಗೆಮನೆಯಿಂದ ತಟ್ಟೆ ತಂದು ನಡುಮನೆಯಲ್ಲಿ, ನಮ್ಮಿಬ್ಬರ ಎದುರಿಗೇ, ಕೂತಳು. ಮುದ್ದೆ, ಅವರೆಕಾಳು ಸಾರು. ಬಲಗೈ ಇಟ್ಟಳು. ಮೊದಲು ಬೆರಳು ಜಾರಿತು. ಮತ್ತೆ ಒತ್ತಿ ಮುರಿದಾಗ ಸಣ್ಣದೊಂದು ತುತ್ತು ಕೈಗೆ ಬಂತು. ಸಾರಿಗೆ ಅದ್ದಿ ಎತ್ತುವಾಗ ಕೈ ನಡುಗಿ ಅರ್ಧ ಸಾರು ಸೀರೆಯ ಮೇಲೆ ಚೆಲ್ಲಿತು. ತುತ್ತು ಬಾಯಿ ಸೇರಿತು. ಎಷ್ಟೋ ತಿಂಗಳಿಂದ ಅವಳು ಉಣ್ಣುವ ಹೊತ್ತಿಗೆ ಅತ್ತ ಸುಳಿಯದೆ ಅಭ್ಯಾಸವಾಗಿದ್ದ ಪೀರ್ ಸಾಬರು ಈಗಲೂ ನೋಡಬಾರದೆಂದು ಗೋಡೆ ಕಡೆ ತಿರುಗಿ ನಿಂತಿದ್ದರು.

"ಅತ್ಲಾಗ್ಯಾಕೆ ನಿಂತೀರಿ" ಎಂದಳು ಶರ್ಫಕ್ಕ. "ಇತ್ಲಾಗ್ ತಿರುಗಿ. ನಾನ್ ಉಣ್ಣೋದ್ ನೋಡಿ."